ಐರ್ಲೆಂಡಿನ ರೇಡಿಯೋದಲ್ಲಿ ಒಂದು ಒಡಪು

ಇಂಡಿ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಉಣ್ಣಾಕ ಏನ್ ಸಿಗತಿತ್ತರಿ?" ನಾವು ಐರ್ಲೆಂಡಿನಿಂದ ಬಂದ ದಿನದಿಂದ ಓಣಿಯ ಹೆಣ್ಣುಮಕ್ಕಳೆಲ್ಲ ಇದನ್ನೇ ಕೇಳಿದ್ದಾರೆ. ಬಟಾಟಿ ಸಿಗುತ್ತಿತ್ತು ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಬೇಯಿಸಿದ ಬಟಾಟಿ, ಹುರಿದ ಬಟಾಟಿ, ಕುಟ್ಟಿದ ಬಟಾಟಿ. ಆಯಿತಲ್ಲ? ಇನ್ನು ನಾನು ಹೇಳಬೇಕೆಂದಿರುವುದನ್ನು ಕೇಳಿ. ಅಲ್ಲಿ ಒಂದು ದಿನ ನನ್ನ ಗಂಡ ಕಳೆದುಹೋದರು.

ನಮ್ಮ ಮಗಳು ಶಿವಲೀಲಾ ಐರ್ಲೆಂಡಿನ ಪಶ್ಚಿಮ ದಂಡೆಯ ಸಣ್ಣ ಊರೊಂದರ ದವಾಖಾನೆಯಲ್ಲಿ ನರ್ಸು. "ಒಮ್ಮೆರ ಬಂದು ನೋಡಿ ಹೋಗ್ರಿ" ಎಂದು ದುಂಬಾಲು ಬಿದ್ದಿದ್ದಳು. ನಾನು ಸಿಂದಗಿಯ ಸಾಲಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾಗಿದ್ದೆ, ತಯಾರಿದ್ದೆ. ತಯಾರಿಲ್ಲದವರು ನಮ್ಮವರು. ಹಲಸಂಗಿ ದಾರಿಯಲ್ಲಿ ನಮ್ಮದೊಂದು ನಿಂಬೆ ತೋಟವಿದೆ. ಅದರ ಕಜ್ಜಿ ರೋಗವನ್ನು ಬಿಟ್ಟು ಇವರು ಎಲ್ಲಿಗೂ ಬರುವವರಲ್ಲ. ಕಜ್ಜಿ ರೋಗಕ್ಕಿಂತ ದೊಡ್ಡ ಕಾರಣ ರೇಡಿಯೋ. ತೋಟದಲ್ಲಿ ಹಣ್ಣು ಆರಿಸುವ ಹೆಣ್ಣಾಳುಗಳಿಗೆ ಕೇಳಲಿ ಎಂದು ಒಂದು ಗಿಡಕ್ಕೆ ರೇಡಿಯೋ ಕಟ್ಟಿದ್ದಾರೆ. ಸಂಜೆ ಕೃಷಿ ಕಾರ್ಯಕ್ರಮದಲ್ಲಿ ತಜ್ಞರು ನಿಂಬೆಯ ಬಗ್ಗೆ ಮಾತಾಡಿದರೆ ಇವರು ಕುಳಿತಲ್ಲಿಂದಲೇ ಉತ್ತರ ಕೊಡುತ್ತಾರೆ. "ಏ ಸಾಹೇಬ, ನೀ ಇಂಡಿಗೆ ಬಾ, ನಾ ತೋರಸ್ತೇನಿ!" ಒಮ್ಮೆ ರೇಡಿಯೋ ಕೇಂದ್ರಕ್ಕೆ ಇವರ ಫೋನು ಹತ್ತಿಬಿಟ್ಟಿತು. ಇವರು ವಾದ ನಿಲ್ಲಿಸದಿದ್ದಾಗ ಪಾಪ, ಅವರು ಒಂದು ಭಾವಗೀತೆ ಹಚ್ಚಿ ಪಾರಾದರು.

ನನಗೂ ರೇಡಿಯೋ ಹೊಸದಲ್ಲ. ನನ್ನ ತವರು ಮುದ್ದೇಬಿಹಾಳ ತಾಲೂಕಿನ ತಂಗಡಗಿ, ಕೃಷ್ಣೆಯ ದಂಡೆ. ಅಣೆಕಟ್ಟೆಯಿಂದ ನೀರು ಬಿಡುತ್ತಾರೆ ಎಂದು ರೇಡಿಯೋ ಹೇಳಿದರೆ ಅಪ್ಪ ಹೊಳೆಯ ದಂಡೆಯ ಪಂಪು ಎತ್ತಿ ತರಲು ಓಡುತ್ತಿದ್ದರು. ಈಗ ಆ ಸುದ್ದಿ ಮೊಬೈಲಿನಲ್ಲೇ ಬರುತ್ತದೆ, ನಿಜವಾದದ್ದೂ ಸುಳ್ಳಾದದ್ದೂ ಒಟ್ಟಿಗೇ. ರೇಡಿಯೋ ನಮ್ಮಲ್ಲಿ ವಯಸ್ಸಾದವರ ಸೊತ್ತಾಗಿ ಉಳಿದಿದೆ.

ಅಂತೂ ಮಗಳೇ ಉಪಾಯ ಮಾಡಿದಳು. "ಅಪ್ಪಾ, ಇಲ್ಲೆ ಆಕಳಿಗೂ ರೇಡಿಯೋ ಹಚ್ಚತಾರ" ಎಂದು ಫೋನಿನಲ್ಲಿ ಹೇಳಿದಳು. ಇವರು ಮರುದಿನವೇ ಸೂಟ್‌ಕೇಸು ಒರೆಸಿ ಇಟ್ಟರು.

ಡಬ್ಲಿನ್ ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಕೆಂಪು ಗಡ್ಡದ, ನಗುಮುಖದ ಮನುಷ್ಯ. ಯಾರ ಜೊತೆ ಬಂದಿದ್ದೀರಿ ಎಂದು ಕೇಳಿದ. ಗಂಡನ ಜೊತೆ ಎಂದೆ. ಗಂಡನ ಹೆಸರೇನು ಎಂದ. ನಾನು ಸುಮ್ಮನೆ ನಿಂತೆ.

ನಗಬೇಡಿ. ನಮ್ಮಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಮದುವೆಯಲ್ಲಿ ಹೊಸ್ತಿಲ ಮೇಲೆ ಅಡ್ಡಗಟ್ಟಿದಾಗ, ಬಸುರಿಯ ಕುಬಸದಲ್ಲಿ ಮುತ್ತೈದೆಯರು ಸುತ್ತ ಕುಳಿತು ಕಾಡಿದಾಗ, ಒಂದು ಒಡಪು ಕಟ್ಟಿ, ಪ್ರಾಸದಲ್ಲಿ ಸುತ್ತಿ ಹೆಸರು ಹೇಳುತ್ತೇವೆ. ಶುಭಕಾರ್ಯಕ್ಕೆ ಮಾತ್ರ. ಬರಿ ಹೆಸರು ಹೇಳುವುದಿಲ್ಲ. ಈಗಿನ ಹುಡುಗಿಯರು ಹೇಳುತ್ತಾರೆ, ಹೇಳಲಿ, ನನ್ನ ನಾಲಿಗೆ ತಿರುಗುವುದಿಲ್ಲ. ಸಾಲಿಯಲ್ಲಿ ಹಾಜರಿ ಕರೆಯುವಾಗ ಇವರ ಹೆಸರಿನ ಹುಡುಗನೊಬ್ಬನಿದ್ದ. ಅವನನ್ನು ವರ್ಷವಿಡೀ "ಕಿಟಕಿ ಹತ್ರ ಕುಂತಾವ" ಎಂದೇ ಕರೆದೆ.

ಅಧಿಕಾರಿಯ ನಗು ಮಾಯವಾಯಿತು. ಗಂಡನ ಹೆಸರು ಗೊತ್ತಿಲ್ಲದ ಹೆಂಡತಿ! ನಾನು ಹಿಂದೆ ನಿಂತಿದ್ದ ಇವರನ್ನು ಮೊಣಕೈಯಿಂದ ತಿವಿದೆ. ಇವರು ಮುಂದೆ ಬಂದು ತಮ್ಮ ಪಾಸ್‌ಪೋರ್ಟ್ ತೆರೆದು ಹೆಸರಿನ ಮೇಲೆ ಬೆರಳಿಟ್ಟರು. ಅವನು ಇಬ್ಬರನ್ನೂ ಬಹಳ ಹೊತ್ತು ನೋಡಿ ಮುದ್ರೆ ಒತ್ತಿದ. ಹೊರಗೆ ಕಾಯುತ್ತಿದ್ದ ಶಿವಲೀಲಾ ಇದನ್ನು ಕೇಳಿ, "ಯವ್ವಾ, ಬಾಗಿಲದಾಗ ಮಾನ ಕಳದಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬ್ರೀದಾಳ ಅಡುಗೆಮನೆ

ಮಗಳು ಬಾಡಿಗೆಗಿರುವುದು ಬ್ರೀದಾ ಎಂಬ ಹೆಂಗಸಿನ ಮನೆಯ ಮೇಲಂತಸ್ತಿನಲ್ಲಿ. ಬ್ರೀದಾ ನನ್ನ ವಯಸ್ಸಿನವಳೇ. ಆಕೆ ಮಾತಾಡುವುದು ಇಂಗ್ಲಿಷು. ಆದರೆ ಆ ವೇಗ, ಆ ಖಡಕ್ಕು, ನಡುನಡುವೆ ದೇವರನ್ನು ಕರೆಯುವ ರೀತಿ ಎಲ್ಲವೂ ನಮ್ಮ ಸಿಂದಗಿ ಬಸ್ ಸ್ಟ್ಯಾಂಡಿನದೇ. ಅದಕ್ಕೆ ಆಕೆಯ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಬೆಂಗಳೂರು ಕನ್ನಡದಲ್ಲಿ ಬರೆದರೆ ಆಕೆಗೆ ಅನ್ಯಾಯವಾದೀತು.

ಮೊದಲ ದಿನವೇ ಅಡುಗೆಮನೆಗೆ ಕರೆದು ಚಹಾ ಕೊಟ್ಟಳು. ಕಿಟಕಿಯ ಕಟ್ಟೆಯ ಮೇಲೆ ರೇಡಿಯೋ ಹಾಡುತ್ತಿತ್ತು. ಇವರ ಮುಖ ಅರಳಿತು. ಸುದ್ದಿ ಮುಗಿಯಿತು, ಒಂದು ಸಣ್ಣ ಸಂಗೀತ ಬಂತು, ಆಮೇಲೆ ಗಂಡಸೊಬ್ಬನ ನಿಧಾನದ ದನಿ. ಬ್ರೀದಾ ಚಮಚೆಯನ್ನು ಗಾಳಿಯಲ್ಲೇ ನಿಲ್ಲಿಸಿ, "ಸುಮ್ಕಿರ್ರಿ, ಸತ್ತವರ ಹೆಸರ ಓದಾಕತ್ತಾರ" ಎಂದಳು.

ಊರಿನಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡೆ. ಆದರೆ ಅದು ಅಲ್ಲಿಯ ನಿತ್ಯದ ಕಾರ್ಯಕ್ರಮವಂತೆ. ಜಿಲ್ಲೆಯಲ್ಲಿ ಯಾರು ತೀರಿಕೊಂಡರು, ಯಾವ ಹಳ್ಳಿ, ಯಾರ ಗಂಡ, ಯಾರ ಅಕ್ಕ, ದೇಹವನ್ನು ಮನೆಯಲ್ಲಿ ಎಷ್ಟು ಹೊತ್ತಿನವರೆಗೆ ಇಟ್ಟಿರುತ್ತಾರೆ, ಚರ್ಚಿಗೆ ಯಾವಾಗ, ಎಲ್ಲ ಹೇಳುತ್ತಾರೆ. ಬ್ರೀದಾ ಕೇಳಿ ಮುಗಿಸಿ, "ಈತ ನನಗ ಗೊತ್ತಿಲ್ಲ. ಆದರ ಈತನ ತಂಗಿ ನಮ್ಮಕ್ಕನ ಕೂಡ ಸಾಲಿಗೆ ಹೋಗಿದ್ದಳು. ಹೋಗಬೇಕಾಗತೈತಿ" ಎಂದು ಏಪ್ರನ್ ಬಿಚ್ಚಿದಳು.

ನಮ್ಮ ಕಡೆಯೂ ಸಾವಿನ ಮನೆಗೆ ಯಾರೂ ಕರೆಯುವುದಿಲ್ಲ, ಕೇಳಿದವರೆಲ್ಲ ಹೋಗುತ್ತೇವೆ. ಆದರೆ ಸುದ್ದಿ ಮುಟ್ಟಬೇಕಲ್ಲ? ಮುದ್ದೇಬಿಹಾಳದಲ್ಲಿ ಆಟೋಕ್ಕೆ ಮೈಕು ಕಟ್ಟಿ ಓಣಿ ಓಣಿ ತಿರುಗಿಸುತ್ತಾರೆ, ಅರ್ಧ ಮಾತು ಗಾಳಿಗೆ ಹೋಗುತ್ತದೆ. ದೇವಣಗಾಂವದ ನಮ್ಮ ನಾದಿನಿ ಸುದ್ದಿ ಮುಟ್ಟದೆ ಸ್ವಂತ ಬೀಗರ ಮಣ್ಣಿಗೆ ಹೋಗಲಾಗಲಿಲ್ಲ, ಇಂದಿಗೂ ಬೈಸಿಕೊಳ್ಳುತ್ತಿದ್ದಾಳೆ. ನಾನು ಕನ್ನಡದಲ್ಲಿ ತಿಳಿಸಿದಾಗ ಇವರು ಇದನ್ನೆಲ್ಲ ನೆನೆದು, "ನೋಡು, ರೇಡಿಯೋ ಅಂದ್ರ ಇದು" ಎಂದು ನನ್ನತ್ತ ತಿರುಗಿದರು. ರೇಡಿಯೋವನ್ನು ತಾವೇ ಕಂಡುಹಿಡಿದವರ ಹಾಗೆ ಆ ಧಿಮಾಕು!

ಪೇಟೆ, ಕೊಟ್ಟಿಗೆ

ಆ ಊರಿನಲ್ಲಿ ರೇಡಿಯೋ ಇಲ್ಲದ ಜಾಗವಿಲ್ಲ. ಬೇಕರಿಯಲ್ಲಿ, ಕ್ಷೌರದಂಗಡಿಯಲ್ಲಿ, ಕಾರಿನಲ್ಲಿ, ದವಾಖಾನೆಯ ಬಾಗಿಲಲ್ಲಿ ಎಲ್ಲ ಕಡೆ ಅದೇ ಒಂದು ಸ್ಟೇಷನ್ನು. ಒಂದು ಅಂಗಡಿಯಲ್ಲಿ ಅರ್ಧ ಕೇಳಿದ ಮಾತು ಮುಂದಿನ ಅಂಗಡಿಯಲ್ಲಿ ಪೂರ್ತಿಯಾಗುತ್ತಿತ್ತು. ಒಬ್ಬ ಹೆಂಗಸು ಫೋನು ಮಾಡಿ ರಸ್ತೆಯ ತಗ್ಗಿನ ಬಗ್ಗೆ ಬೈಯುತ್ತಿದ್ದಳು. ತಗ್ಗುಗಳು ನಮ್ಮ ಬಾಗೇವಾಡಿ ದಾರಿಯಲ್ಲೂ ಇವೆ, ಆದರೆ ಅವುಗಳ ಹೆಸರು ರೇಡಿಯೋದಲ್ಲಿ ಬರುವುದಿಲ್ಲ.

ಬ್ರೀದಾಳ ಅಣ್ಣನ ಕೊಟ್ಟಿಗೆಗೂ ಹೋದೆವು. ಮಗಳು ಹೇಳಿದ್ದು ಸುಳ್ಳಲ್ಲ. ತೊಲೆಗೆ ನೇತುಹಾಕಿದ ರೇಡಿಯೋ, ಕೆಳಗೆ ಆಕಳುಗಳು ಮೆಲುಕು ಹಾಕುತ್ತ ಸಂಸತ್ತಿನ ಚರ್ಚೆ ಕೇಳುತ್ತಿದ್ದವು. "ದನಿ ಇದ್ರ ಹಾಲು ಸಮಾಧಾನಲೆ ಇಳಸ್ತಾವ" ಎಂದ ಅಣ್ಣ. ಇವರು ಅವನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಒಂದು ತಾಸು ಮಾತಾಡಿದರು.

ಇನ್ನೊಂದು ರೂಢಿ. ಅಲ್ಲಿಯವರು ಫೋನು ಇಡುವಾಗ "ಬೈ" ಎಂದು ಒಂದು ಸಲ ಹೇಳುವುದಿಲ್ಲ. ಬೈ, ಬೈ, ಬೈ, ಬೈಬೈಬೈ ಎನ್ನುತ್ತ ದನಿ ಸಣ್ಣದಾಗುತ್ತ ಹೋಗುತ್ತದೆ. ನಾವು "ಇಡ್ಲ್ಯಾ? ಇಡು. ಹೂಂ. ಮತ್ತ? ಇಡು ಹಂಗಾರ" ಎಂದು ಇನ್ನೊಂದು ಕಾಲು ಗಂಟೆ ಮಾತಾಡುತ್ತೇವಲ್ಲ, ಅದಕ್ಕೆ ಇದು ಅಕ್ಕ-ತಂಗಿ.

ಆ ಗುರುವಾರ

ಗುರುವಾರ ಶಿವಲೀಲಾಳಿಗೆ ಹಗಲು ಪಾಳಿ. ಚಹಾ ಕುಡಿದು ಇವರು ಅಡ್ಡಾಡಿ ಬರುತ್ತೇನೆಂದು ಹೊರಟರು. ಧೋತರ, ಬಿಳಿ ಟೋಪಿ, ಮೇಲೆ ಮಗಳ ಹಳದಿ ರೇನ್‌ಕೋಟು. ಫೋನು ಚಾರ್ಜಿಗೆ ಹಚ್ಚಿದ್ದು ಅಲ್ಲೇ ಉಳಿದಿತ್ತು.

ಊಟದ ಹೊತ್ತಾಯಿತು. ಇವರಿಲ್ಲ. ನಾನು ರೊಟ್ಟಿ ಮುಚ್ಚಿಟ್ಟು ಕಾದೆ. ಮಳೆ ಜಿಟಿಜಿಟಿ ಶುರುವಾಗಿ ಮಂಜು ಇಳಿಯಿತು. ಇವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗಿ ಕಣ್ಣಿಗೆ ಕತ್ತಲೆ ಬರುತ್ತದೆ. ಹೋದ ವರ್ಷ ತೋಟದಲ್ಲಿ ಹಾಗೇ ಬಿದ್ದಿದ್ದರು. ಅಲ್ಲಿ ಎತ್ತಲು ಆಳುಗಳಿದ್ದರು. ಇಲ್ಲಿ ಯಾರು? ಛತ್ರಿ ಹಿಡಿದು ಹೊರಗೆ ಓಡಿದೆ. ಎಲ್ಲ ಹೊಲಕ್ಕೂ ಒಂದೇ ತರಹದ ಕಲ್ಲಿನ ಗೋಡೆ, ಎಲ್ಲ ದಾರಿಯೂ ಒಂದೇ ತರಹ. ಎರಡು ತಿರುವು ದಾಟಿದ ಮೇಲೆ ನನಗೇ ದಾರಿ ತಪ್ಪುವ ಹೆದರಿಕೆಯಾಗಿ ಅಳುತ್ತ ಬಂದೆ.

ಮಗಳಿಗೆ ಫೋನು ಮಾಡಿದರೆ ಆಕೆಯೂ ಅತ್ತಳು, ವಾರ್ಡು ಬಿಟ್ಟು ಬರುವ ಹಾಗಿರಲಿಲ್ಲ. ಬ್ರೀದಾ ಪೊಲೀಸರಿಗೆ ಫೋನಿನಲ್ಲಿ ಹೇಳಿ, ಕಾರಿನ ಕೀಲಿ ತೆಗೆದುಕೊಂಡಳು. "ಅವರು ಹುಡುಕತಾರ, ಹುಡುಕಲಿ. ನಡೀ, ನಾವು ರೇಡಿಯೋಕ್ಕ ಹೋಗೂಣು" ಎಂದಳು.

ಅಂಗಡಿ ಮೇಲಿನ ಸ್ಟೇಷನ್ನು

ರೇಡಿಯೋ ಸ್ಟೇಷನ್ನು ಎಂದರೆ ಔಷಧದಂಗಡಿಯ ಮೇಲಿನ ಎರಡು ಕೋಣೆ. ಸತ್ತವರ ಹೆಸರು ಓದುವ ಆ ನಿಧಾನದ ದನಿಯವನು ಡೆಕ್ಲನ್. ನಾನು ಮುದುಕನಿರಬೇಕೆಂದುಕೊಂಡಿದ್ದೆ, ನೋಡಿದರೆ ನಮ್ಮ ಮಗಳ ವಯಸ್ಸಿನವನು, ಸ್ವೆಟರಿನ ತುಂಬ ಬಿಸ್ಕೀಟಿನ ಪುಡಿ. ಬ್ರೀದಾ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಚಿಂತಿ ಮಾಡಬ್ಯಾಡ್ರಿ" ಎಂದ ಡೆಕ್ಲನ್. "ಮೊನ್ನೆ ಒಂದು ನಾಯಿ ಸಿಕ್ತು. ಅದರ ಹಿಂದಿನ ವಾರ ಒಬ್ಬಾಕಿ ಹಲ್ಲಿನ ಸೆಟ್ಟು. ಈಗ ಸತ್ತವರ ಸುದ್ದಿ ಓದತೇನಿ. ಅದರ ಬೆನ್ನ ಹಿಂದ ನಿಮ್ಮ ಯಜಮಾನರದ್ದು ಓದಿಬಿಡತೇನಿ."

"ಏನಂದಿ?" ಎಂದು ನಾನು ಕನ್ನಡದಲ್ಲೇ ಕೂಗಿದೆ. ಹೋಗುವಾಗ "ಹೋಗ್ತೇನಿ" ಎನ್ನಲೂ ಅಂಜಿ "ಹೋಗಿ ಬರ್ತೇನಿ" ಎನ್ನುವ ಮಂದಿ ನಾವು. ಜೀವಂತ ಗಂಡನ ಹೆಸರನ್ನು ಸತ್ತವರ ಸಾಲಿನಲ್ಲಿ ಓದಿಸಲೇ? ಮೊದಲೇ ಓದು, ಇಲ್ಲ ಆಮೇಲೆ ಓದು, ಅದರ ಬೆನ್ನಿಗೆ ಮಾತ್ರ ಬೇಡ ಎಂದೆ. ನನ್ನ ಹರಕು ಇಂಗ್ಲಿಷಿನಲ್ಲಿ ಅಪಶಕುನ ಎನ್ನುವುದಕ್ಕೆ ಶಬ್ದ ಸಿಗದೆ ಕೈ ಕೈ ಆಡಿಸಿದೆ.

ಅವನಿಗೆ ಅರ್ಥವಾಯಿತು. ಆದರೂ ತಲೆ ಅಲ್ಲಾಡಿಸಿದ. "ಇಡೀ ಜಿಲ್ಲಾ ಬಾಯಿ ಮುಚ್ಚಿ ಕೇಳೂದು ಅದೊಂದ ಹೊತ್ತರಿ. ಬ್ಯಾರೆ ಹೊತ್ತಿನ್ಯಾಗ ಹೇಳಿದ್ರ ಹಾಡಿನ ಕೂಡ ಹೋಗಿಬಿಡತೈತಿ." ಸ್ವಲ್ಪ ಯೋಚಿಸಿ, "ಹಂಗಾರ ನಾ ಓದೂದಿಲ್ಲ. ನೀವ ಮಾತಾಡ್ರಿ. ಎಲ್ಲ್ಯರ ಒಂದು ರೇಡಿಯೋ ಅವರ ಕಿವಿಗೆ ಬೀಳತೈತಿ. ನಿಮ್ಮ ಭಾಷಾದಾಗ ಹೇಳ್ರಿ. ಹೆಸರು ಮಾತ್ರ ಚಂದಾಗಿ ಹೇಳ್ರಿ, ಕಂಡವರು ಹೆಸರ ಹಿಡದು ಕರೀಬೇಕಲ್ಲ" ಎಂದ.

ಹೆಸರು! ಎಲ್ಲಿಗೆ ಬಂದು ನಿಂತಿತು ನೋಡಿ.

ಕುರ್ಚಿಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಏರಿಸಿದರು. ಡೆಕ್ಲನ್ ಓದತೊಡಗಿದ. ಕೊನೆಯ ಹೆಸರು ಮಾರ್ಟಿನ್, ನೋರಾಳ ಗಂಡ, ದೇಹವನ್ನು ಸಂಜೆಯವರೆಗೆ ಮನೆಯಲ್ಲೇ ಇಟ್ಟಿರುತ್ತಾರೆ, ಎಲ್ಲರೂ ಬರಬಹುದು. ಕಾಗದ ಮಗುಚಿ, "ಇನ್ನೊಬ್ರು ಅದಾರ. ಇವರು ಸತ್ತಿಲ್ಲ, ದಾರಿ ತಪ್ಪ್ಯಾರ ಅಷ್ಟ. ಹಳದಿ ಕೋಟು, ಬಿಳಿ ಟೋಪಿ. ಅವರ ಹೆಂಡತಿ ಮಾತಾಡತಾರ" ಎಂದು ನನ್ನತ್ತ ಕೈ ತೋರಿಸಿದ.

ಕೆಂಪು ದೀಪ ಉರಿಯುತ್ತಿತ್ತು. ಹೆಸರು ಹೇಳದಿದ್ದರೆ ಇವರು ಸಿಗುವುದಿಲ್ಲ, ಹೇಳಿದರೆ ಸತ್ತವರ ಹಿಂದೆಯೇ ಹೇಳಿದ ಹಾಗೆ. ಆಗ ಹೊಳೆಯಿತು. ಶುಭಕಾರ್ಯದಲ್ಲಿ ಹೇಗೆ ಹೇಳುತ್ತೇವೋ ಹಾಗೇ ಹೇಳಿಬಿಟ್ಟರೆ? ಒಡಪಿನ ಮುಂದೆ ಯಾವ ಅಪಶಕುನ ನಿಂತೀತು? ಕಣ್ಣು ಮುಚ್ಚಿ ಮದುವೆಯ ಹೊಸ್ತಿಲ ಮೇಲೆ ನಿಂತವಳ ದನಿ ತೆಗೆದೆ:

"ಇಂಡಿ ನಿಂಬಿಗೆ ರಸ ಭಾಳ,
ಈ ಊರ ಮುಗಲಿಗೆ ಮಳಿ ಭಾಳ,
ಶಂಕರೆಪ್ಪನವರ ಹೆಸರ ಹೇಳತೇನಿ,
ಅವರಿಲ್ಲದ ನನಗ ಚಿಂತಿ ಭಾಳ."

ಉಸಿರು ಬಿಟ್ಟು, ಅದೇ ಓಟದಲ್ಲಿ ಮುಂದುವರಿಸಿದೆ. "ಏನ್ರಿ, ಕೇಳಾಕತ್ತೇರೇನು? ಎಲ್ಲಿ ಅದೀರಿ ಅಲ್ಲೇ ನಿಂದರ್ರಿ. ಯಾರರ ಏನರ ಕೊಟ್ರ ತಿನ್ರಿ. ನಿಮ್ಮ ಕೈ ಮುಗೀತೇನಿ, ಅಡ್ಡಾಡಬ್ಯಾಡ್ರಿ."

ದೀಪ ಆರಿತು. ಬ್ರೀದಾ ಕಣ್ಣೊರೆಸುತ್ತಿದ್ದಳು. ಡೆಕ್ಲನ್ ಹಾಡು ಹಚ್ಚಿ, ಅದೇನು ಪದ್ಯ ಎಂದು ಕೇಳಿದ. ವಿವರಿಸಿದೆ. ಗಂಡ ಕಳೆದುಹೋದವಳು ಪ್ರಾಸ ಹುಡುಕಿದಳೇ ಎಂದು ಬಿದ್ದು ಬಿದ್ದು ನಕ್ಕ, ನಕ್ಕು ಕ್ಷಮೆ ಕೇಳಿ, ಅದೇ ಹಾಡು ಮುಗಿದ ಮೇಲೆ ಇಡೀ ಜಿಲ್ಲೆಗೂ ಅರ್ಥ ಹೇಳಿದ. ಅವನ ಮಾತು ಮುಗಿಯುವ ಮೊದಲೇ ಫೋನು ಬಡಿದುಕೊಂಡಿತು.

ಬ್ರೀದಾ ಎತ್ತಿದಳು, ಕೇಳಿದಳು, ನನ್ನ ಕಡೆ ತಿರುಗಿದಳು. "ಸಿಕ್ಕಾರ! ಮಾರ್ಟಿನ್‌ನ ಮನ್ಯಾಗ ಅದಾರ. ಕೇಕ್ ತಿನ್ನಾಕತ್ತಾರಂತ!"

ನೋರಾಳ ಮನೆ

ಆದದ್ದಿಷ್ಟು. ಇವರು ಮಂಜಿನಲ್ಲಿ ದಾರಿ ತಪ್ಪಿ ಸುತ್ತುವಾಗ ಒಂದು ಮನೆಯ ಮುಂದೆ ಕಾರುಗಳ ಸಾಲು, ಕರಿ ಬಟ್ಟೆಯವರು ಸದ್ದಿಲ್ಲದೆ ಒಳಗೆ ಹೋಗುವುದು ಕಂಡಿದೆ. ಅದು ಸಾವಿನ ಮನೆ ಎಂದು ಇವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಾವಿನ ಮನೆಯ ಮುಂದೆ ಹಾದು ಹೋಗಬಾರದು, ನಿಂತು ಮುಖ ತೋರಿಸಿ ಹೋಗಬೇಕು ಎನ್ನುವುದು ನಮ್ಮ ಕಡೆಯ ನಡತೆ. ಇವರೂ ಸಾಲಿನಲ್ಲಿ ನಿಂತರು, ಒಳಗೆ ಹೋಗಿ ಮೃತರಿಗೆ ಕೈ ಮುಗಿದರು, ಮುಂದಿನವರನ್ನು ನೋಡಿ ಮನೆಯವರ ಕೈ ಕುಲುಕಿದರು. ಆ ಮನೆಯವರು, ಮಾರ್ಟಿನ್‌ನನ್ನು ನೋಡಿಕೊಂಡ ಯಾವುದೋ ನರ್ಸಿನ ತಂದೆ ಇರಬೇಕು ಎಂದು ತಿಳಿದು ಒಲೆಯ ಹತ್ತಿರ ಕೂರಿಸಿ ಚಹಾ ಕೊಟ್ಟರು. ಮಾಂಸದ ಸ್ಯಾಂಡ್‌ವಿಚ್ಚಿಗೆ ಕೈ ಅಡ್ಡ ಹಿಡಿದಾಗ ಸೇಬಿನ ಕೇಕು ಕೊಟ್ಟರು. ನಾನು ಇವರು ಉಪವಾಸ ಬಿದ್ದಿರಬೇಕೆಂದು ಅಳುತ್ತಿದ್ದಾಗ ಇವರು ಮೂರನೆಯ ತುಂಡು ತಿನ್ನುತ್ತಿದ್ದರು.

ಅಷ್ಟರಲ್ಲಿ ನೋರಾ ರೇಡಿಯೋ ದೊಡ್ಡದು ಮಾಡಿಸಿದ್ದಾಳೆ. ಗಂಡನ ಹೆಸರು ಬರುವುದನ್ನು ಕೇಳಬೇಕಿತ್ತಂತೆ. ಹೆಸರು ಬಂತು. ಎಲ್ಲರೂ ತಲೆ ತಗ್ಗಿಸಿದರು. ಆ ಮೌನದಲ್ಲಿ ನನ್ನ ದನಿ. ಇವರು ಚಹಾ ಚೆಲ್ಲಿಕೊಂಡು ಎದ್ದು ನಿಂತು, "ನಮ್ಮಾಕಿ! ನಮ್ಮಾಕಿ!" ಎಂದು ರೇಡಿಯೋಕ್ಕೆ ಕೈ ತೋರಿಸಿದರಂತೆ.

ನಾನು ಒಳಗೆ ಕಾಲಿಟ್ಟಾಗ ಹಳದಿ ಕೋಟು ಹಾಗೇ ಹಾಕಿಕೊಂಡು ಒಲೆಯ ಪಕ್ಕ ಕುಳಿತಿದ್ದರು. ನನಗೆ ಸಿಟ್ಟು, ಅಳು, ನಗು ಎಲ್ಲ ಒಟ್ಟಿಗೇ ಬಂತು.

"ಜೀವಾ ಹೋಗಿತ್ತು ನಂದು! ಊರ ಮಂದಿ ಮುಂದ ಹೆಸರ ಹೇಳಿಸಿದ್ರಲ್ಲ!"

"ಚಲೋ ಹೇಳಿದಿ" ಎಂದರು ಇವರು. ಕಣ್ಣು ಒದ್ದೆಯಾಗಿತ್ತು. "ಮದವಿಯಾಗ ಹೇಳಿದ್ದಕ್ಕಿಂತ ಚಲೋ ಇತ್ತು."

ಬಂದವರೆಲ್ಲ ನಗುತ್ತಿದ್ದರು. ಸಾವಿನ ಮನೆಯಲ್ಲಿ ಇಷ್ಟು ನಗಿಸಿದೆವಲ್ಲ ಎಂದು ನಾಚಿಕೆಯಾಗಿ ನೋರಾಳ ಹತ್ತಿರ ಹೋಗಿ ಕೈ ಜೋಡಿಸಿದೆ. ಬಿಳಿ ಕೂದಲಿನ, ತೆಳ್ಳಗಿನ ಮುದುಕಿ. ಗಂಡನನ್ನು ಮಲಗಿಸಿದ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಳು. ನನ್ನ ಎರಡೂ ಕೈ ಹಿಡಿದು ಬ್ರೀದಾಳ ಕಡೆ ನೋಡಿ ಏನೋ ಹೇಳಿದಳು.

"ಒಂದು ನನಗೂ ಕಟ್ಟಿಕೊಡು ಅಂತಾಳ" ಎಂದಳು ಬ್ರೀದಾ. "ಮಾರ್ಟಿನ್‌ನ ಹೆಸರಿಂದು. ಆತನ ಮುಂದ ಹೇಳಬೇಕಂತ."

ಒಡಪು ಮುತ್ತೈದೆಯರದು. ಗಂಡ ತೀರಿದ ದಿನ ಹೆಂಡತಿಗೆ ಒಡಪು ಹೇಳು ಎಂದವರನ್ನು ನಮ್ಮೂರಲ್ಲಿ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ನನ್ನ ತಾಯಿ, ಅತ್ತೆ, ಯಾರೂ ಗಂಡ ಹೋದ ಮೇಲೆ ಒಡಪು ಹೇಳಿದ್ದನ್ನು ನಾನು ಕೇಳಿಲ್ಲ. ತಿರುಗಿ ಇವರನ್ನು ನೋಡಿದೆ. ಇವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹೇಳಿಕೊಡು" ಎಂದರು.

ನೋರಾಳ ಪಕ್ಕದಲ್ಲಿ ಕುಳಿತು, ಕಿಟಕಿಯಾಚೆ ಕಂಡದ್ದನ್ನೇ ಹಿಡಿದು ಕಟ್ಟಿದೆ:

"ಕಲ್ಲಿನ ಗ್ವಾಡಿ, ಹಸರ ಹೊಲ,
ಮಾರ್ಟಿನ್ ಅವರಂಥವರು ಯಾರೂ ಇಲ್ಲ."

ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ ಒಂದೊಂದೇ ಶಬ್ದ ಹೇಳಿಕೊಟ್ಟೆ. ಕಲ್ಲಿನ, ಎಂದೆ. ಕಲ್ಲಿನ, ಎಂದಳು. ಗ್ವಾಡಿ. ಹಸರ. ಹೊಲ. ಎಡವುತ್ತ, ಮತ್ತೆ ಎದ್ದು, ನನ್ನ ತುಟಿಯನ್ನೇ ನೋಡುತ್ತ ಹೇಳಿದಳು. ಮುಂದಿನ ಶಬ್ದಕ್ಕೆ ನಾನು ಬಾಯಿ ತೆರೆಯುವ ಮೊದಲೇ ಆಕೆ ನನ್ನ ಕೈ ಬಿಟ್ಟು, ಪೆಟ್ಟಿಗೆಯ ಕಡೆ ತಿರುಗಿ, ಇಡೀ ಮನೆಗೆ ಕೇಳುವಂತೆ "ಮಾರ್ಟಿನ್" ಎಂದಳು. ಅದೊಂದನ್ನು ನಾನು ಹೇಳಿಕೊಡಬೇಕಾಗಲಿಲ್ಲ.